ಹಳೆಯ ಪಂಪ್ ಎಂಜಿನಿಗೆ ಹೊಸ ಪಿಸ್ಟನ್: ಮೊದಲು ಅಳತೆ, ಆಮೇಲೆ ಖರೀದಿ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯುತ್ ಪಂಪುಗಳು ಎಲ್ಲೆಡೆ ಬಂದ ಮೇಲೂ ಹಳ್ಳದ ದಡದಲ್ಲಿ, ಕೆರೆಯಂಚಿನಲ್ಲಿ, ಕಂಬ ನೆಡದ ಹೊಲಗಳಲ್ಲಿ ನೀರೆತ್ತುವ ಕೆಲಸವನ್ನು ಹಳೆಯ ಡೀಸೆಲ್ ಎಂಜಿನೇ ಮಾಡುತ್ತಿದೆ. ಎರಡು ದೊಡ್ಡ ಚಕ್ರಗಳ, ನಿಧಾನವಾಗಿ ಓಡುವ ಎಂಜಿನನ್ನು ನೀವು ನೋಡಿರುವಿರಿ. ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ತಂದ ಮಾದರಿ ಅದು. ಅದೇ ಮಾದರಿಯ ಎಂಜಿನುಗಳು ಆಮೇಲೆ ಗುಜರಾತಿನ ರಾಜಕೋಟೆಯಲ್ಲಿಯೂ ತಯಾರಾದವು. ಇನ್ನು ನಿಮಿಷಕ್ಕೆ 1500 ಸುತ್ತು ತಿರುಗುವ, 5 ಅಶ್ವಶಕ್ತಿಯ ಕಿರ್ಲೋಸ್ಕರ್ ಎಂಜಿನನ್ನು ನೋಡದ ಊರೇ ಅಪರೂಪ. ಈ ಎಂಜಿನುಗಳ ದೊಡ್ಡ ಗುಣವೆಂದರೆ, ಸವೆದ ಭಾಗವನ್ನು ಬದಲಿಸಿದರೆ ಮತ್ತೆ ಬಹುಕಾಲ ದುಡಿಯುತ್ತವೆ. ಆದರೆ ಬದಲಿಸಿದ ಭಾಗ ಸರಿಯಾಗಿರಬೇಕು.

ಇಂದು ನಾನು ಒಂದೇ ವಿಷಯ ಹೇಳುತ್ತೇನೆ. ಎಂಜಿನ್ ಬಿಚ್ಚಿದಾಗ ಹೊಸ ಪಿಸ್ಟನನ್ನು ಹೇಗೆ ಆರಿಸಬೇಕು? ಇದರಲ್ಲಿ ತಪ್ಪಿದರೆ ಪಿಸ್ಟನ್ನಿನ ಹಣವಷ್ಟೇ ಹೋಗುವುದಿಲ್ಲ. ಬೇಸಿಗೆಯ ನಡುವೆ ಎಂಜಿನ್ ಹಿಡಿದುಕೊಂಡರೆ, ಮತ್ತೆ ಬಿಚ್ಚಿ ಜೋಡಿಸುವಷ್ಟರಲ್ಲಿ ತರಕಾರಿ ಮಡಿಗಳು ಬಾಡಿ ಹೋಗುತ್ತವೆ. ರಿಪೇರಿಯ ಖರ್ಚು ಒಂದಾದರೆ ಬೆಳೆಯ ನಷ್ಟ ಅದಕ್ಕಿಂತ ಹೆಚ್ಚು.

ನಿಜವಾಗಿ ಪಿಸ್ಟನ್ ಬೇಕೆ?

ಎಂಜಿನಿನ ಬಲ ಕುಗ್ಗಿತೆಂದ ಕೂಡಲೇ ಪಿಸ್ಟನ್ ಕೊಳ್ಳಲು ಪೇಟೆಗೆ ಓಡಬೇಡಿ. ಮೊದಲು ಹೊಗೆಯನ್ನು ನೋಡಿ. ಕಪ್ಪು ಹೊಗೆ ಬಂದರೆ ಹೊರೆ ಹೆಚ್ಚಾಗಿರಬಹುದು, ಗಾಳಿಯ ದಾರಿ ಕಟ್ಟಿರಬಹುದು, ಇಲ್ಲವೆ ಇಂಜೆಕ್ಟರ್ ಕೆಟ್ಟಿರಬಹುದು. ನೀಲಿ ಹೊಗೆ ಬಂದು ಎಣ್ಣೆ ಬೇಗಬೇಗ ಇಳಿಯುತ್ತಿದ್ದರೆ ಆಗ ರಿಂಗು, ಪಿಸ್ಟನ್, ಸಿಲಿಂಡರುಗಳ ಮೇಲೆ ಸಂಶಯ ಪಡಬೇಕು.

ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ನಿಂತಿರುವಾಗ, ಡೀಸೆಲ್ ಬಂದ್ ಮಾಡಿ, ಚಕ್ರವನ್ನು ಕೈಯಿಂದ ಒತ್ತಡದ ಕಡೆಗೆ ತಿರುಗಿಸಿ. ಒತ್ತಡ ಚೆನ್ನಾಗಿದ್ದರೆ ಚಕ್ರ ಹಿಂದಕ್ಕೆ ಪುಟಿಯುತ್ತದೆ. ಸಲೀಸಾಗಿ ದಾಟಿ ಹೋದರೆ ಒತ್ತಡ ಎಲ್ಲಿಯೋ ಸೋರುತ್ತಿದೆ. ಆಗ ಸಿಲಿಂಡರಿನೊಳಗೆ ಒಂದೆರಡು ಚಮಚ ಎಣ್ಣೆ ಬಿಟ್ಟು ಮತ್ತೆ ತಿರುಗಿಸಿ ನೋಡಿ. ಎಣ್ಣೆ ಬಿಟ್ಟ ಮೇಲೆ ಒತ್ತಡ ಬಂದರೆ ದೋಷ ರಿಂಗು ಮತ್ತು ಸಿಲಿಂಡರಿನಲ್ಲಿದೆ. ಬಾರದಿದ್ದರೆ ವಾಲ್ವುಗಳನ್ನು ನೋಡಬೇಕು. ಇಷ್ಟು ಮಾಡಿದರೆ ಬೇಡದ ಖರ್ಚು ಎಷ್ಟೋ ಸಲ ಉಳಿಯುತ್ತದೆ.

ಸಿಲಿಂಡರಿನ ಅಳತೆ

ಗಾಡಿಯ ಅಚ್ಚು ಹೊಸದಾಗಿದ್ದು ಚಕ್ರದ ಗುಂಬ ಸವೆದು ಅಗಲವಾಗಿದ್ದರೆ ಗಾಡಿ ನೆಟ್ಟಗೆ ಹೋಗುವುದೇ? ಪಿಸ್ಟನ್ ಮತ್ತು ಸಿಲಿಂಡರಿನ ಸಂಬಂಧವೂ ಹಾಗೆಯೇ. ಸವೆದ ಸಿಲಿಂಡರಿಗೆ ಹೊಸ ಪಿಸ್ಟನ್ ಹಾಕುವುದು ವ್ಯರ್ಥ.

ಸಿಲಿಂಡರ್ ಎಲ್ಲ ಕಡೆಯೂ ಒಂದೇ ಸಮನೆ ಸವೆಯುವುದಿಲ್ಲ. ಮೇಲಿನ ರಿಂಗು ತಿರುಗಿ ಬರುವ ಜಾಗದಲ್ಲಿ ಶಾಖ ಹೆಚ್ಚು, ಎಣ್ಣೆ ಕಡಿಮೆ. ಆದುದರಿಂದ ಅಲ್ಲಿಯೇ ಸವೆತ ಹೆಚ್ಚು. ಅದರ ಮೇಲೆ ರಿಂಗು ಮುಟ್ಟದ ಭಾಗದಲ್ಲಿ ಒಂದು ಏಣು ಉಳಿದಿರುತ್ತದೆ. ಬೆರಳಿನ ಉಗುರು ಅದಕ್ಕೆ ತಗಲುತ್ತದೆ. ಆ ಏಣನ್ನು ತೆಗೆಯದೆ ಹೊಸ ರಿಂಗು ಹಾಕಿದರೆ ಮೇಲಿನ ರಿಂಗು ಅದಕ್ಕೆ ಬಡಿದು ಮುರಿಯಬಹುದು.

ಅಳೆಯುವವರು ಸಿಲಿಂಡರಿನ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಬೋರ್ ಗೇಜ್ ಹಿಡಿಯಬೇಕು. ಒಂದೊಂದು ಕಡೆಯೂ ಕ್ರ್ಯಾಂಕಿನ ಉದ್ದಕ್ಕೆ ಒಮ್ಮೆ, ಅದಕ್ಕೆ ಅಡ್ಡಲಾಗಿ ಒಮ್ಮೆ ನೋಡಬೇಕು. ಒಟ್ಟು ಆರು ಅಳತೆಗಳು. ಈ ಆರನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ‘ಬೆರಳಿಗೆ ಸರಿಯೆನಿಸಿತು’ ಎಂಬ ಮಾತಿಗೆ ಒಪ್ಪಬೇಡಿ.

ಯಾವ ಸೈಜು?

ಮೂಲ ಅಳತೆಯ ಪಿಸ್ಟನ್ನಿಗೆ ಪೇಟೆಯಲ್ಲಿ ಸ್ಟ್ಯಾಂಡರ್ಡ್ ಎನ್ನುತ್ತಾರೆ. ಅದಕ್ಕಿಂತ ದೊಡ್ಡವು ಓವರ್‌ಸೈಜ್. ಇವು ಸಾಮಾನ್ಯವಾಗಿ 0.25, 0.50, 0.75, 1.00 ಮಿಲಿಮೀಟರ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ. ಅಂಗುಲದ ಲೆಕ್ಕದ ಎಂಜಿನುಗಳಲ್ಲಿ 10, 20, 30, 40 ಎಂದು ಹೇಳುತ್ತಾರೆ. ಅಂಗುಲದ ಸಾವಿರ ಪಾಲಿನಲ್ಲಿ ಅಷ್ಟು ಪಾಲು ಎಂದರ್ಥ. 20 ಎಂದರೆ ಸುಮಾರು ಅರ್ಧ ಮಿಲಿಮೀಟರ್.

ಸಿಲಿಂಡರಿನ ಮೂಲ ಅಗಲ 80 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಅತಿ ಹೆಚ್ಚು ಸವೆದ ಜಾಗದಲ್ಲಿ 80.12 ಬಂದರೆ, ಬೋರಿಂಗ್ ಮಾಡಿಸಿ 0.25 ಓವರ್‌ಸೈಜ್ ಹಾಕಬಹುದು. 80.22 ಬಂದರೆ 0.25 ಸಾಲದು. ಕೊರೆದು ಗುಂಡಗೆ ಮಾಡಲು ಅಲ್ಲಿ ಉಳಿದಿರುವುದು ತೀರ ಕಡಿಮೆ. ಹಳೆಯ ಗೀರು, ಕುಳಿ ಹಾಗೆಯೇ ನಿಲ್ಲುತ್ತವೆ. ಆಗ 0.50ಕ್ಕೆ ಹೋಗಬೇಕು. ಗೀರುಗಳು ಪೂರ್ಣ ಹೋಗುವಂಥ ಸೈಜುಗಳಲ್ಲಿ ಅತಿ ಚಿಕ್ಕದನ್ನು ಆರಿಸಿ. ಒಮ್ಮೆಗೇ ದೊಡ್ಡ ಸೈಜಿಗೆ ಹಾರಿದರೆ ಮುಂದಿನ ರಿಪೇರಿಗೆ ಲೋಹ ಉಳಿಯುವುದಿಲ್ಲ.

ನಿಮ್ಮ ಎಂಜಿನನ್ನು ಹಿಂದೆ ಯಾರಾದರೂ ಬೋರಿಂಗ್ ಮಾಡಿಸಿರಬಹುದು. ಹಳೆಯ ಪಿಸ್ಟನ್ನಿನ ತಲೆಯ ಮೇಲಿನ ಮಸಿ ಕೆರೆದು ನೋಡಿ. 0.50 ಎಂದೋ 020 ಎಂದೋ ಅಚ್ಚೊತ್ತಿದ್ದರೆ ಈಗಾಗಲೇ ಎರಡು ಮೆಟ್ಟಿಲು ಮುಗಿದಿವೆ ಎಂದು ತಿಳಿಯಿರಿ.

ಕೆಲವು ಎಂಜಿನುಗಳಲ್ಲಿ ಸಿಲಿಂಡರಿನೊಳಗೆ ಬದಲಿಸಬಹುದಾದ ಲೈನರ್ ಇರುತ್ತದೆ. ಅಂಥಲ್ಲಿ ಬೋರಿಂಗಿಗಿಂತ ಹೊಸ ಲೈನರ್ ಮತ್ತು ಸ್ಟ್ಯಾಂಡರ್ಡ್ ಪಿಸ್ಟನ್ ಜೊತೆಯಾಗಿ ಹಾಕುವುದು ಮೇಲು. ಎರಡರ ವೆಚ್ಚವನ್ನೂ ಕೇಳಿ ನೋಡಿ.

ಪಿಸ್ಟನ್ ಮುಂದೆ, ಬೋರಿಂಗ್ ಹಿಂದೆ

ಇದನ್ನು ಮುಖ್ಯವಾಗಿ ಗಮನಿಸಬೇಕು. ಸೈಜು ನಿರ್ಧಾರವಾದ ಮೇಲೆ ಮೊದಲು ಪಿಸ್ಟನ್ ಕೊಂಡು, ಅದನ್ನು ಸಿಲಿಂಡರಿನ ಜೊತೆಗೆ ಬೋರಿಂಗ್ ಅಂಗಡಿಗೆ ಕೊಡಬೇಕು. ಒಂದೇ ಸೈಜಿನ ಎರಡು ಪಿಸ್ಟನ್ನುಗಳಲ್ಲಿಯೂ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು. ಕೈಯಲ್ಲಿರುವ ಪಿಸ್ಟನನ್ನು ಅಳೆದು ಸಿಲಿಂಡರ್ ಕೊರೆಯತಕ್ಕದ್ದು. ಕೊರೆದ ಮೇಲೆ ಪಿಸ್ಟನ್ ಹುಡುಕುವುದಲ್ಲ.

ಇವೆರಡರ ನಡುವೆ ಎಷ್ಟು ಸಂದು ಬಿಡಬೇಕೆಂಬುದು ತಯಾರಕರ ಪುಸ್ತಕದಲ್ಲಿ ಇರುತ್ತದೆ. ಅದರಂತೆಯೇ ನಡೆಯಿರಿ. ಹಳೆಯ ನಿಧಾನದ ಎಂಜಿನುಗಳಲ್ಲಿ ಕೆಲವಕ್ಕೆ ಬೀಡುಕಬ್ಬಿಣದ ಪಿಸ್ಟನ್ ಇತ್ತು. ಈಗ ಸಿಗುವುದು ಹೆಚ್ಚಾಗಿ ಅಲ್ಯೂಮಿನಿಯಂ ಪಿಸ್ಟನ್. ಶಾಖಕ್ಕೆ ಅಲ್ಯೂಮಿನಿಯಂ ಬೀಡುಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಪಿಸ್ಟನ್ನಿಗೆ ಬಿಡುವಷ್ಟೇ ಸಂದನ್ನು ಇದಕ್ಕೂ ಬಿಟ್ಟರೆ, ಎಂಜಿನ್ ಕಾದಾಗ ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಳ್ಳುತ್ತದೆ. ಸಂದು ಅತಿಯಾದರೂ ಕೇಡು. ಪಿಸ್ಟನ್ ಪಕ್ಕಕ್ಕೆ ಬಡಿಯುತ್ತದೆ, ಎಣ್ಣೆ ಸುಡುತ್ತದೆ. ತೂಕದ ವಿಷಯವೂ ಇದೆ. ಚಕ್ರದ ಸಮತೂಕವನ್ನು ಹಳೆಯ ಪಿಸ್ಟನ್ನಿನ ತೂಕಕ್ಕೆ ಸರಿಯಾಗಿ ಮಾಡಿರುತ್ತಾರೆ. ತೂಕ ಬಹಳ ಬದಲಾದರೆ ಎಂಜಿನ್ ಅಡಿಪಾಯದ ಮೇಲೆ ಕುಣಿಯುತ್ತದೆ.

ಅಂಗಡಿಯಲ್ಲಿ ನೋಡಬೇಕಾದವು

ಹಳೆಯ ಪಿಸ್ಟನನ್ನು ಜೊತೆಗೆ ಒಯ್ಯಿರಿ. ಹೊಸದನ್ನು ಅದರ ಪಕ್ಕದಲ್ಲಿಟ್ಟು ನಾಲ್ಕು ಸಂಗತಿಗಳನ್ನು ಹೋಲಿಸಿ.

ಒಂದು, ಪಿನ್ನಿನ ತೂತಿನ ನಡುವಿನಿಂದ ತಲೆಯವರೆಗಿನ ಎತ್ತರ. ಇದು ಹೆಚ್ಚಾದರೆ ಪಿಸ್ಟನ್ ಹೆಡ್ಡಿಗೆ ಬಡಿಯಬಹುದು. ಕಡಿಮೆಯಾದರೆ ಒತ್ತಡ ಸಾಲದೆ ಎಂಜಿನ್ ಸ್ಟಾರ್ಟ್ ಆಗುವುದು ಕಷ್ಟ.

ಎರಡು, ತಲೆಯ ಆಕಾರ. ಕೆಲವು ಸಮತಟ್ಟು, ಕೆಲವಕ್ಕೆ ಬಟ್ಟಲಿನಂಥ ಗುಳಿ. ಡೀಸೆಲ್ ಉರಿಯುವ ರೀತಿ ಈ ಆಕಾರವನ್ನು ಅವಲಂಬಿಸಿದೆ. ಒಂದರ ಬದಲು ಇನ್ನೊಂದು ನಡೆಯದು.

ಮೂರು, ಪಿನ್ನಿನ ದಪ್ಪ. ಅದು ಕನೆಕ್ಟಿಂಗ್ ರಾಡಿನ ಬುಷ್‌ಗೆ ಸರಿಹೊಂದಬೇಕು.

ನಾಲ್ಕು, ರಿಂಗುಗಳ ಸಂಖ್ಯೆ ಮತ್ತು ದಪ್ಪ. ರಿಂಗು ಸಹ ಪಿಸ್ಟನ್ನಿನ ಸೈಜಿನದೇ ಆಗಿರಬೇಕು. 0.50 ಪಿಸ್ಟನ್ನಿಗೆ ಸ್ಟ್ಯಾಂಡರ್ಡ್ ರಿಂಗು ಹಾಕಿದರೆ ಒತ್ತಡ ಸೋರಿಹೋಗುತ್ತದೆ.

ಜೋಡಿಸುವಾಗ

ಬೋರಿಂಗ್ ಆದ ಸಿಲಿಂಡರನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಒರೆಸಿ, ಎಣ್ಣೆ ಸವರಬೇಕು. ಸೀಮೆಎಣ್ಣೆಯಿಂದ ಮಾತ್ರ ಒರೆಸಿದರೆ ಉಜ್ಜುಗಲ್ಲಿನ ಪುಡಿ ಉಳಿದು ಹೊಸ ರಿಂಗನ್ನು ತಿನ್ನುತ್ತದೆ. ಪಿಸ್ಟನ್ನಿಗೆ ಹಾಕುವ ಮೊದಲು ಒಂದೊಂದು ರಿಂಗನ್ನೂ ಸಿಲಿಂಡರಿನೊಳಗೆ ನೆಟ್ಟಗೆ ಇಳಿಸಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಿಸಿ. ಪುಸ್ತಕ ಇಲ್ಲದಿದ್ದಲ್ಲಿ, ಸಿಲಿಂಡರಿನ ಅಗಲದ ಒಂದೊಂದು ಅಂಗುಲಕ್ಕೆ ಅಂಗುಲದ ಸಾವಿರದ 3ರಿಂದ 4 ಪಾಲು ಎಂಬುದು ಹಳೆಯ ರೂಢಿ. 80 ಮಿ.ಮೀ. ಸಿಲಿಂಡರಿಗೆ ಇದು ಸುಮಾರು 0.24ರಿಂದ 0.32 ಮಿ.ಮೀ. ಆಗುತ್ತದೆ. ಪಿನ್ನಿನ ಲಾಕುಗಳನ್ನು ಹೊಸದೇ ಹಾಕಿಸಿ. ಹಳೆಯ ಲಾಕು ಕಳಚಿದರೆ ಪಿನ್ನು ಪಕ್ಕಕ್ಕೆ ಸರಿದು ಸಿಲಿಂಡರನ್ನು ಉದ್ದಕ್ಕೆ ಗೀರುತ್ತದೆ.

ಹೆಡ್ ಕೂರಿಸುವ ಮುನ್ನ ಪಿಸ್ಟನ್ನಿನ ಮೇಲೆ ವಾಲ್ವು ಬಾರದ ಕಡೆ ಸೀಸದ ತುಂಡು ತಂತಿ ಇಟ್ಟು, ಹೆಡ್ ಬಿಗಿದು, ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಮತ್ತೆ ತೆಗೆದು ಚಪ್ಪಟೆಯಾದ ಸೀಸವನ್ನು ಅಳೆದರೆ ಪಿಸ್ಟನ್ನಿಗೂ ಹೆಡ್ಡಿಗೂ ಎಷ್ಟು ಎಡೆ ಇದೆಯೆಂದು ತಿಳಿಯುತ್ತದೆ. ಅದನ್ನು ಪುಸ್ತಕದ ಅಳತೆಗೆ ಹೋಲಿಸಿ.

ಕೊನೆಯದಾಗಿ, ಹಳೆಯ ಪಿಸ್ಟನ್ ಏಕೆ ಸವೆಯಿತೆಂದು ಯೋಚಿಸಿ. ನಮ್ಮ ಹೊಲಗಳಲ್ಲಿ ದೊಡ್ಡ ಶತ್ರು ಧೂಳು. ಏರ್ ಕ್ಲೀನರಿನ ಎಣ್ಣೆ ಕೆಸರಾಗಿದ್ದರೆ, ಅದರ ಕೊಳವೆ ಸೀಳಿದ್ದರೆ, ಎಷ್ಟು ಒಳ್ಳೆಯ ಪಿಸ್ಟನ್ ಹಾಕಿದರೂ ಅದು ಬೇಗನೆ ಹಾಳಾಗುತ್ತದೆ. ಹೊಸ ಪಿಸ್ಟನ್ನಿನ ದಿನವೇ ಅದನ್ನೂ ಸರಿಪಡಿಸಿ. ಮೊದಲ ಕೆಲವು ದಿನ ಎಂಜಿನಿಗೆ ಪೂರ್ಣ ಹೊರೆ ಕೊಡಬೇಡಿ, ಹೊರೆಯಿಲ್ಲದೆ ಬಹಳ ಹೊತ್ತು ಓಡಿಸಲೂ ಬೇಡಿ. ಮೊದಲ ಎಣ್ಣೆಯನ್ನು ಬೇಗ ಬದಲಿಸಿ.

ಬಾಂಧವರೇ, ಈ ಕೆಲಸವನ್ನು ಮಳೆಗಾಲದಲ್ಲಿ, ಎಂಜಿನಿಗೆ ಬಿಡುವಿರುವಾಗ ಮಾಡಿಸಿಕೊಳ್ಳಿ. ಅವಸರವಿಲ್ಲದಿದ್ದರೆ ಅಳೆಯುವುದಕ್ಕೂ ಹೋಲಿಸುವುದಕ್ಕೂ ಸಮಯ ಸಿಗುತ್ತದೆ. ಅಳತೆಯ ಚೀಟಿಯನ್ನು ಎಂಜಿನಿನ ಪುಸ್ತಕದಲ್ಲಿಟ್ಟು ಜೋಪಾನ ಮಾಡಿ. ಮುಂದಿನ ರಿಪೇರಿಗೆ ನಿಮ್ಮ ಮಕ್ಕಳಿಗೂ ಅದು ಬೇಕಾದೀತು.