ಕುದುರೆಗೆ ಧನುರ್ವಾಯು ಲಸಿಕೆ ಬಂದ ಬಗೆ

ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಮತ್ತೊಂದಿಲ್ಲ. ರೋಗಾಣು ಮಣ್ಣಿನಲ್ಲಿರುತ್ತದೆ, ಕುದುರೆಯ ಲದ್ದಿಯಲ್ಲೂ ಇರುತ್ತದೆ. ಗೊರಸಿಗೆ ಮೊಳೆ ಆಳವಾಗಿ ಚುಚ್ಚಿ ಗಾಯದ ಬಾಯಿ ಮುಚ್ಚಿಕೊಂಡರೆ, ಗಾಳಿಯಾಡದ ಆ ಜಾಗದಲ್ಲಿ ಅದು ಬೆಳೆದು ನಂಜು ಕಾರುತ್ತದೆ. ವಾರ, ಎರಡು ವಾರದಲ್ಲಿ ಕಿವಿ ಸೆಟೆಯುತ್ತದೆ, ಬಾಲ ಎತ್ತಿ ನಿಲ್ಲುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಕಣ್ಣಿನ ಒಳಮೂಲೆಯಿಂದ ಪೊರೆಯೊಂದು ಜಾರಿ ಗುಡ್ಡೆಯ ಮೇಲೆ ಬರುತ್ತದೆ. ಬಾಗಿಲು ಬಡಿದ ಸದ್ದಿಗೂ ಇಡೀ ಮೈ ಬಿಗಿಯುತ್ತದೆ. ಇಷ್ಟಾದ ಮೇಲೆ ಬದುಕುವ ಕುದುರೆಗಳು ಕಡಿಮೆ.

1884ರಲ್ಲಿ ಜರ್ಮನಿಯ ನಿಕೊಲಾಯರ್ ಮಣ್ಣಿನಲ್ಲಿ ಈ ರೋಗಾಣುವನ್ನು ಕಂಡರು. 1889ರಲ್ಲಿ ಜಪಾನಿನ ಕಿಟಸಾಟೊ ಬರ್ಲಿನ್ನಿನಲ್ಲಿ ಅದನ್ನು ಶುದ್ಧವಾಗಿ ಬೆಳೆಸಿದರು. ಮರುವರ್ಷ ಅವರೂ ಬೆಹ್ರಿಂಗರೂ ಕೂಡಿ, ರೋಗನಿರೋಧ ಪಡೆದ ಪ್ರಾಣಿಯ ರಕ್ತದ ತಿಳಿ, ಅಂದರೆ ಸೀರಮ್, ಇನ್ನೊಂದು ಪ್ರಾಣಿಯನ್ನೂ ಕಾಯುತ್ತದೆ ಎಂದು ತೋರಿಸಿದರು. ಫ್ರಾನ್ಸಿನ ಪಶುವೈದ್ಯ ನೊಕಾರ್ ಗಾಯಗೊಂಡ ಕುದುರೆಗಳಿಗೆ ಮುಂಚಿತವಾಗಿಯೇ ಸೀರಮ್ ಕೊಟ್ಟು ರೋಗ ತಡೆದರು. ಆದರೆ ಆ ರಕ್ಷಣೆ ಎರಡು ಮೂರು ವಾರದ್ದು. ಮೊದಲ ಮಹಾಯುದ್ಧದಲ್ಲಿ ಗಾಯಾಳು ಸೈನಿಕರಿಗೆ ಕೊಟ್ಟ ಸೀರಮ್ ಕುದುರೆಯ ರಕ್ತದಿಂದಲೇ ಬಂದದ್ದು. ಕುದುರೆಗೆ ಮಾತ್ರ ಇನ್ನೂ ಬಾಳುವಂಥ ರಕ್ಷಣೆ ಸಿಕ್ಕಿರಲಿಲ್ಲ.

ಅದನ್ನು ಕೊಟ್ಟವರೂ ಪಶುವೈದ್ಯರೇ. ಪ್ಯಾರಿಸ್ ಬಳಿಯ ಗಾರ್ಶ್‌ನಲ್ಲಿ ಪಾಶ್ಚರ್ ಸಂಸ್ಥೆ ಸೀರಮ್‌ಗಾಗಿ ಸಾಕಿದ ಕುದುರೆಗಳ ನಡುವೆ ಕೆಲಸ ಮಾಡುತ್ತಿದ್ದ ಗಾಸ್ತೋಂ ರಾಮೋಂ, ನಂಜಿಗೆ ಫಾರ್ಮಾಲಿನ್ ಬೆರೆಸಿ ಕೆಲವು ವಾರ ಬೆಚ್ಚಗಿಟ್ಟರೆ ಅದರ ವಿಷ ಇಳಿದು, ರೋಗನಿರೋಧ ಹುಟ್ಟಿಸುವ ಗುಣ ಉಳಿಯುತ್ತದೆ ಎಂದು 1920ರ ದಶಕದಲ್ಲಿ ತೋರಿಸಿದರು. ಅವರು ಕಂಡ ಇನ್ನೊಂದು ಸಂಗತಿ ಇನ್ನೂ ದೊಡ್ಡದು. ಚುಚ್ಚಿದ ಜಾಗ ಬಾತು ಕೀವುಗಟ್ಟಿದ ಕುದುರೆಗಳ ರಕ್ತದಲ್ಲಿ ನಂಜನ್ನು ತಡೆಯುವ ಪ್ರತಿವಿಷ ಹೆಚ್ಚಿರುತ್ತಿತ್ತು. ಬೇಕೆಂದೇ ಸ್ವಲ್ಪ ಉರಿಯೂತ ತರಿಸಲು ಅವರು ಮರಗೆಣಸಿನ ಪಿಷ್ಟವನ್ನು ಬೆರೆಸಿ ಚುಚ್ಚಿದರು, ಪ್ರತಿವಿಷ ಏರಿತು. 1926ರಲ್ಲಿ ಇಂಗ್ಲೆಂಡಿನ ಗ್ಲೆನಿ ಇದೇ ಕೆಲಸಕ್ಕೆ ಪಟಿಕವನ್ನು ಬಳಸಿದರು. ಮಕ್ಕಳಿಗೆ ಹಾಕುವ ಎಷ್ಟೋ ಲಸಿಕೆಗಳಲ್ಲಿ ಇಂದಿಗೂ ಅಲ್ಯೂಮಿನಿಯಂ ಲವಣ ಇರುವುದು ಈ ದಾರಿಯಿಂದ ಬಂದದ್ದು.

ದಶಕದ ಕೊನೆಯ ಹೊತ್ತಿಗೆ ಫ್ರೆಂಚ್ ಸೇನೆಯ ಕುದುರೆಗಳಿಗೆ ಹೀಗೆ ವಿಷ ಇಳಿಸಿದ ನಂಜನ್ನೇ ಲಸಿಕೆಯಾಗಿ ಹಾಕತೊಡಗಿದರು. ಈಗಿನ ಪದ್ಧತಿಯಂತೆ ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ವರ್ಷಕ್ಕೊಂದು. ಗಬ್ಬದ ಕುದುರೆಗೆ ಈಯುವುದಕ್ಕೆ ಒಂದು ತಿಂಗಳು ಮುಂಚೆ ಕೊಟ್ಟರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ದಾಟುತ್ತದೆ. ಜಟಕಾ ಕುದುರೆಯಾಗಲಿ, ಪಂದ್ಯದ ಕುದುರೆಯಾಗಲಿ, ಸಾಕಿದವರು ಲಸಿಕೆಯ ತಾರೀಖನ್ನು ಬರೆದಿಟ್ಟುಕೊಳ್ಳಬೇಕು; ಗೊರಸಿಗೆ ಮೊಳೆ ಚುಚ್ಚಿದ ದಿನವೇ ಕುದುರೆಯನ್ನು ಪಶುವೈದ್ಯರಿಗೆ ತೋರಿಸಬೇಕು.