ಎರಡು ಗಂಟೆಗೊಮ್ಮೆ



ಹೋದ ತಿಂಗಳು ಒಂದು ಸಂಜೆ ಲಿಂಗಸುಗೂರು ಕಡೆಯ ಬಸ್ಸು ಮುದಗಲ್ಲಿಗೆ ಬಂದಾಗ ನಮ್ಮ ಓಣಿಯ ಹುಡುಗಿಯೊಬ್ಬಳು ಇಳಿದಳು. ಮನೆಗೆ ಹೋಗಲಿಲ್ಲ. ನೇರ ನಮ್ಮ ಕಟ್ಟೆಗೆ ಬಂದು, ಬ್ಯಾಗನ್ನು ಕಾಲ ಬಳಿ ಇಟ್ಟು ಕುಳಿತಳು. ಪಿಯುಸಿ ಮುಗಿಸಿ, ಆರು ತಿಂಗಳು ತರಬೇತಿ ಪಡೆದು, ಖಾಸಗಿ ದವಾಖಾನೆಯೊಂದರಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿ ಆವತ್ತಿಗೆ ಒಂಬತ್ತನೇ ದಿನ. ಸೇರುವ ಮುಂಚೆ ಹೊಸ ಬಿಳಿ ಕೋಟು ಹೊಲಿಸಿಕೊಂಡು ಬಂದು ನನಗೆ ತೋರಿಸಿ ಹೋಗಿದ್ದಳು.

"ದೊಡ್ಡವ್ವಾ, ನಾ ಇನ್ನ ಹೋಗಂಗಿಲ್ಲ" ಅಂದಳು.

ಯಾಕೆ ಎಂದು ನಾನು ಕೇಳಲಿಲ್ಲ. ನೀರು ಕೊಟ್ಟೆ. ಕೋಟೆಯ ಕಂದಕದ ಕಡೆ ಕತ್ತಲಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಆಕೆಯೇ ಶುರು ಮಾಡಿದಳು. ಒಂಬತ್ತು ದಿನದಲ್ಲಿ ಒಬ್ಬರೂ ಹೆಸರು ಹಿಡಿದು ಕರೆದಿಲ್ಲವಂತೆ. ಬೆಡ್‌ಪ್ಯಾನ್ ತೆಗೆಯುವುದು, ಒದ್ದೆ ಚಾದರ ಬದಲಿಸುವುದು, ವಾಂತಿ ಒರೆಸುವುದು, ರಕ್ತದ ಸ್ಯಾಂಪಲ್ ಹಿಡಿದು ಮೆಟ್ಟಿಲು ಹತ್ತಿ ಇಳಿಯುವುದು. ತರಬೇತಿಯಲ್ಲಿ ಕಲಿತ ಬಿಪಿ ನೋಡುವುದಕ್ಕಾಗಲಿ, ನಾಡಿ ಎಣಿಸುವುದಕ್ಕಾಗಲಿ ಒಮ್ಮೆಯೂ ಕರೆದಿಲ್ಲ. ಆವತ್ತು ಬೆಳಿಗ್ಗೆ ರೋಗಿಯ ಮಗನೊಬ್ಬ ವಾರ್ಡಿನಲ್ಲಿ ಎಲ್ಲರೆದುರು ಗದರಿದ್ದ. "ಕೈ ಎಷ್ಟು ತೊಳದರೂ ವಾಸನಿ ಹೋಗವಲ್ದು. ರೊಟ್ಟಿ ಬಾಯಿಗೆ ಒಯ್ದರ ಹೊಟ್ಟಿ ತೊಳಸತದ" ಅಂದಳು. ಅಷ್ಟು ಹೇಳಿ ಅತ್ತಳು.

ನಾನು ಮೂವತ್ತನಾಲ್ಕು ವರ್ಷ ಇದೇ ಕೆಲಸ ಮಾಡಿದವಳು. ನಾನು ಸೇರಿದಾಗ ನಮ್ಮನ್ನು ಆಯಾ ಅಂತಿದ್ದರು. ನನಗಾಗ ಹತ್ತೊಂಬತ್ತು. ಯಾವ ಊರು, ಯಾವ ದವಾಖಾನೆ ಎನ್ನುವುದು ಇವತ್ತು ಬೇಡ. ನಾಲ್ಕನೇ ದಿನ ನನ್ನ ಕೈಯಿಂದ ಒಂದು ತಪ್ಪಾಯಿತು, ಅದನ್ನು ಹೇಳುತ್ತೇನೆ.

ಲಕ್ವಾ ಹೊಡೆದ ಒಬ್ಬ ಅಜ್ಜ. ಒಕ್ಕಲುತನ ಮಾಡಿದ ಮೈ, ಎತ್ತರದ ಆಳು. ಒಂದು ಮಗ್ಗುಲು ಪೂರ್ತಿ ಬಿದ್ದುಹೋಗಿತ್ತು, ಮಾತೂ ಇರಲಿಲ್ಲ. ಹಾಸಿಗೆಯಲ್ಲಿ ಕಾಲಿನ ಕಡೆಗೆ ಜಾರಿದ್ದರು. ಮೇಲಕ್ಕೆ ಸರಿಸು ಅಂದರು. ನಾನೊಬ್ಬಳೇ ಇದ್ದೆ. ಬಗಲಿಗೆ ಕೈ ಕೊಟ್ಟು ಎಳೆದೆ. ಸೊಂಟದ ಕೆಳಗೆ ಬೆವರಿಗೆ ಚಾದರಕ್ಕೆ ಅಂಟಿದ್ದ ಚರ್ಮ ಕಿತ್ತು ಬಂತು. ಮರುದಿನ ನೋಡಿದರೆ ರೂಪಾಯಿಯಷ್ಟು ಅಗಲ ಹಸಿ ಗಾಯ. ಎಲ್ಲರೂ ಬೈದರು. ಅಜ್ಜ ಬೈಯಲಿಲ್ಲ, ಬೈಯಲು ಮಾತಿರಲಿಲ್ಲ. ಒಂದು ಕಣ್ಣಿನಿಂದ ಮಾತ್ರ ನೀರು ಇಳಿಯುತ್ತಿತ್ತು. ನಾನು ಮಾಳಿಗೆಗೆ ಹೋಗಿ, ಒಣಗಲು ಹಾಕಿದ್ದ ಚಾದರಗಳ ನಡುವೆ ನಿಂತು, ನಾಳೆ ಊರಿಗೆ ಹೋಗಿಬಿಡುವುದು ಎಂದು ನಿಶ್ಚಯ ಮಾಡಿದೆ.

ಅಲ್ಲಿ ನನ್ನನ್ನು ಹುಡುಕಿಕೊಂಡು ಬಂದವಳು ಹಿರಿಯ ಆಯಾ. ಎಲ್ಲರೂ ಆಕೆಯನ್ನು ಆಪಾ ಎನ್ನುತ್ತಿದ್ದರು. ಸಮಾಧಾನದ ಒಂದು ಮಾತೂ ಆಕೆ ಆಡಲಿಲ್ಲ. ರಟ್ಟೆ ಹಿಡಿದು ಕೆಳಗೆ ಕರೆದುಕೊಂಡು ಬಂದು ಅಜ್ಜನ ಹಾಸಿಗೆಯ ಬಳಿ ನಿಲ್ಲಿಸಿದಳು. "ಎಳೀಬಾರದು, ಎತ್ತಬೇಕು. ಒಬ್ಬಾಕಿ ಮಾಡೂ ಕೆಲಸಲ್ಲ ಇದು, ಇಬ್ಬರದು" ಅಂದಳು. ಒಂದು ಚಾದರವನ್ನು ಮಡಿಸಿ ಅಜ್ಜನ ಭುಜದಿಂದ ತೊಡೆಯ ತನಕ ಮೈ ಕೆಳಗೆ ಹಾಸಿದೆವು. ಆಕೆ ಆ ಕಡೆ, ನಾನು ಈ ಕಡೆ. ಅಂಚನ್ನು ಸುರುಳಿ ಸುತ್ತಿ ಮೈಗೆ ಹತ್ತಿರ ಹಿಡಿದು, ಒಂದೇ ಸಲ ಎತ್ತಿ ಮೇಲಕ್ಕೆ ಸರಿಸಿದೆವು. ಅಷ್ಟು ದೊಡ್ಡ ಮೈ ಹಗುರಾಗಿ ಬಂತು. ಆಮೇಲೆ ಸ್ವಲ್ಪ ವಾರೆ ಮಾಡಿ ಬೆನ್ನಿಗೆ ತಲೆದಿಂಬು ಆನಿಸಿದಳು, ಮೊಣಕಾಲುಗಳ ನಡುವೆ ಒಂದು ಇಟ್ಟಳು, ಮೀನಖಂಡದ ಕೆಳಗೆ ಇನ್ನೊಂದು ಇಟ್ಟಳು, ಹಿಮ್ಮಡಿ ಹಾಸಿಗೆಗೆ ತಾಗದಂತೆ.

ಇದಾದ ಮೇಲೆ ನನ್ನ ಬಲಗೈ ಹಿಡಿದು ಮಗುಚಿದಳು. ಅಂಗೈ ಬೇಡ, ಕೈಯ ಹಿಂಭಾಗ. ಅದನ್ನು ಅಜ್ಜನ ಸೊಂಟದ ಎಲುಬಿನ ಮೇಲೆ, ಭುಜದ ಮೇಲೆ, ಹಿಮ್ಮಡಿಯ ಮೇಲೆ ಒಂದೊಂದಾಗಿ ಮುಟ್ಟಿಸಿದಳು. "ಎಲ್ಲಿ ಬಿಸಿ ಅದ ಹೇಳು" ಅಂದಳು. ಎಡ ಹಿಮ್ಮಡಿಯಲ್ಲಿ ಒಂದು ಜಾಗ ಸುತ್ತಲಿಗಿಂತ ಬೆಚ್ಚಗಿತ್ತು, ಸ್ವಲ್ಪ ಗಟ್ಟಿಯೂ ಇತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಆ ಬಿಸಿಯ ಅರ್ಥ ಇಷ್ಟು. ಎಲುಬು ಚರ್ಮಕ್ಕೆ ಹತ್ತಿರ ಇರುವ ಕಡೆ ಮೈಯ ಭಾರವೆಲ್ಲ ಬಿದ್ದಾಗ, ಎಲುಬಿಗೂ ಹಾಸಿಗೆಗೂ ನಡುವೆ ಮಾಂಸ ಹಿಂಡಿಹೋಗುತ್ತದೆ. ಕೂದಲಿಗಿಂತ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಆರೋಗ್ಯವಂತರು ನಿದ್ದೆಯಲ್ಲೇ ಹೊರಳುತ್ತಾರೆ, ಹೊರಳಲಾರದವರ ಮೈ ಒಳಗಿನಿಂದ ಸಾಯುತ್ತಾ ಬರುತ್ತದೆ. ಅದಕ್ಕೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ, ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ, ಕೆಂಪು ಹಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದು ಪುಸ್ತಕದಲ್ಲಿರುತ್ತದೆ. ಸರಿಯೇ. ಆದರೆ ಬಿಸಿಲಲ್ಲಿ ದುಡಿದ ನಮ್ಮ ಜನರ ಕಪ್ಪು ಮೈಯಲ್ಲಿ ಆ ಕೆಂಪು ಎಲ್ಲಿ ಕಾಣಬೇಕು? ಓದು ಬರಹ ಬಾರದ ಆಪಾ ಅದಕ್ಕೆ ಉತ್ತರ ಕಂಡುಕೊಂಡಿದ್ದಳು. ಕಣ್ಣಿಗೆ ಕಾಣದ್ದು ಕೈಗೆ ಕಾಣುತ್ತದೆ. (ಆ ಕಾಲದಲ್ಲಿ ನಾವು ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ಬೆನ್ನು ಉಜ್ಜುತ್ತಿದ್ದೆವು. ಎಲುಬಿನ ಮೇಲಿನ ಕೆಂಪಾದ ಜಾಗವನ್ನು ಉಜ್ಜಬಾರದು, ಅದರಿಂದ ಕೇಡೇ ಹೆಚ್ಚು ಎಂದು ಆಮೇಲೆ ತಿಳಿಯಿತು. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರು ದಯವಿಟ್ಟು ಇದನ್ನು ನೆನಪಿಡಿ.)

ನಾನು ಮಾಳಿಗೆಯ ಮೇಲಿನ ನಿಶ್ಚಯವನ್ನು ಬಿಟ್ಟೆ. ಮಂಚದ ಹಿಂದಿನ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗಂಟೆ ಬರೆದೆ: ಆರು, ಎಂಟು, ಹತ್ತು, ಹನ್ನೆರಡು. ಮಗ್ಗುಲು ಬದಲಿಸಿದಾಗೆಲ್ಲ ಒಂದು ಗೆರೆ. ಆ ಗಾಯಕ್ಕೆ ಹೊಸ ಚರ್ಮ ಬರಲು ಹದಿನೆಂಟು ದಿನ ಹಿಡಿಯಿತು. ಬೈಗುಳ ನಿಲ್ಲಲಿಲ್ಲ, ಹೆಸರು ಹಿಡಿದು ಕರೆಯಲು ಇನ್ನೂ ಎಷ್ಟೋ ತಿಂಗಳು ಬೇಕಾಯಿತು. ಆದರೆ ಡಾಕ್ಟರು ಐದು ನಿಮಿಷ ನಿಂತು ಹೋಗುವ ಆ ಹಾಸಿಗೆಯ ಬಗ್ಗೆ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನ್ನ ಕೈಗೆ ಗೊತ್ತಿತ್ತು. ನಾನು ಉಳಿದುಕೊಂಡದ್ದು ಅದರ ಬಲದ ಮೇಲೆ.

ಇದು ನನ್ನ ವಾರ್ಡಿನ ಮಾತಷ್ಟೇ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರ ಕೊನೆಗೆ ಹೊರತಂದ ಶುಶ್ರೂಷೆಯ ಪುಸ್ತಕದಲ್ಲಿ ಹಾಸಿಗೆ ಹುಣ್ಣನ್ನು ರೋಗದ ಲೆಕ್ಕಕ್ಕೆ ಹಾಕಲಿಲ್ಲ, ಹೆಚ್ಚಾಗಿ ಆರೈಕೆಯ ಲೆಕ್ಕಕ್ಕೆ ಹಾಕಿದರು. ಆ ಲೆಕ್ಕವನ್ನು ನಮ್ಮ ಕಣ್ಣೆದುರಿಗೇ ತೀರಿಸಿ ತೋರಿಸಿದವರಿದ್ದಾರೆ. ಉತ್ತರ ಕನ್ನಡದ ಹಳದೀಪುರದ ಹುಡುಗಿ ಅರುಣಾ ಶಾನಭಾಗ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಡೆಸಿದ ಕ್ರೂರ ದಾಳಿಯಲ್ಲಿ ಅವರ ಮಿದುಳಿಗೆ ಪೆಟ್ಟಾಯಿತು. ಮತ್ತೆ ಅವರು ಎದ್ದು ತಮ್ಮ ಬಾಳನ್ನು ಬಾಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವ ತನಕ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ನರ್ಸುಗಳು, ಆಯಾಗಳು ಅವರನ್ನು ತೊಳೆದು, ಉಣಿಸಿ, ಮಗ್ಗುಲು ಬದಲಿಸಿ ಕಾಪಾಡಿದರು. ಅರುಣಾ ಜೊತೆ ಕೆಲಸ ಮಾಡಿದವರು ನಿವೃತ್ತರಾದರು. ಅರುಣಾ ನಡೆದಾಡಿದ್ದನ್ನು ಎಂದೂ ನೋಡದ ಹುಡುಗಿಯರು ಬಂದು ಆ ಕೆಲಸ ಮುಂದುವರಿಸಿದರು. ಮಾತಿಲ್ಲದ ಆಕೆ ಮಾಡುವ ಸದ್ದಿನಿಂದಲೇ ಏನು ಬೇಕೆಂದು ಅವರಿಗೆ ತಿಳಿಯುತ್ತಿತ್ತು. ಆಕೆಯ ದಯಾಮರಣಕ್ಕೆ ಅನುಮತಿ ಕೊಡಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ, 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಆಕೆಯ ಪರವಾಗಿ ಮಾತಾಡುವ ಆಪ್ತರು ಯಾರು ಎಂಬ ಪ್ರಶ್ನೆಗೆ, ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಎಂದು ಉತ್ತರಿಸಿದರು. ಅಷ್ಟು ವರ್ಷ ಹಾಸಿಗೆ ಹಿಡಿದರೂ ಆಕೆಯ ಮೈಯಲ್ಲಿ ಹಾಸಿಗೆ ಹುಣ್ಣಾಗದಂತೆ ನೋಡಿಕೊಂಡದ್ದನ್ನು ಅವರು ಮೆಚ್ಚಿ ಹೇಳಿದರು. ದಿನಕ್ಕೆ ಹನ್ನೆರಡು ಸಲ ಎಂದು ಹಿಡಿದರೆ 42 ವರ್ಷಕ್ಕೆ ಎಷ್ಟು ಸಲವಾಯಿತು, ಲೆಕ್ಕ ಹಾಕಿ ನೋಡಿ. ಅಷ್ಟು ಸಲವೂ ಯಾರೋ ಒಬ್ಬಾಕೆ ಗಡಿಯಾರ ನೋಡಿ ಎದ್ದಿದ್ದಾಳೆ. ಆ ಕೈಗಳ ಹೆಸರು ನಮಗೆ ಒಂದೂ ಗೊತ್ತಿಲ್ಲ.

ಆ ರಾತ್ರಿ ನಮ್ಮ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಆಕೆ ಸುಮ್ಮನೆ ಕೇಳಿದಳು. ಆಮೇಲೆ, "ಅದೆಲ್ಲಾ ಖರೇ ದೊಡ್ಡವ್ವಾ, ಆದರ ಪಗಾರ?" ಅಂದಳು.

ಕೇಳಬೇಕಾದ ಪ್ರಶ್ನೆಯೇ. ಸೇವೆ, ಕಾಯಕ ಎಂಬ ದೊಡ್ಡ ಮಾತುಗಳನ್ನು ಸಂಬಳ ಕೇಳಿದವರ ಬಾಯಿ ಮುಚ್ಚಿಸಲು ಬಳಸುವುದನ್ನು ನಾನು ಬಹಳ ಕಂಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. ಕಾಯಕದ ಮಾತೇ ಬಂದರೆ, ಶರಣೆ ಆಯ್ದಕ್ಕಿ ಲಕ್ಕಮ್ಮ ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳು. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಲೆಯ ಮೇಲೆ ಇಡಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಆಕೆಯ ಕೈಯಲ್ಲಿ ಒಂದು ಅಳತೆ ಇತ್ತು. ಅಳತೆಗಿಂತ ಹೆಚ್ಚು ಬಂದರೆ ಬೇಡ ಎನ್ನುವವಳ ಊರಿನಲ್ಲಿ, ಅಳತೆಗಿಂತ ಕಡಿಮೆ ಕೊಟ್ಟಾಗ ಸಾಕು ಎನ್ನಬೇಕೇ? ಕೇಳು ಮಗಳೇ, ತಲೆ ಎತ್ತಿ ಕೇಳು ಎಂದೆ. ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನ ಇದೆ. ಕೈಗವಸು ಕೊಡುವುದು ದವಾಖಾನೆಯ ಹೊಣೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದೆ ಈ ಕೆಲಸಕ್ಕೆ ಇಳಿಯಬಾರದು. ಬಳಸಿದ ಸೂಜಿ ಚುಚ್ಚಿದರೆ ಬೈಯುತ್ತಾರೆಂದು ಹೆದರಿ ಮುಚ್ಚಿಡಬೇಡ. ಚುಚ್ಚಿದ ಜಾಗವನ್ನು ಹಿಂಡಬೇಡ. ಸಾಬೂನು ನೀರಿನಿಂದ ತೊಳೆದು ಆ ಗಳಿಗೆಯಲ್ಲೇ ಡಾಕ್ಟರಿಗೆ ಹೇಳು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಕೈ ಮಾಡುವವರಿದ್ದರೆ, ತಿಂಗಳುಗಟ್ಟಲೆ ಪಗಾರ ತಡೆದರೆ, ಕಲಿಸುವವರು ಒಬ್ಬರೂ ಇಲ್ಲದಿದ್ದರೆ ಆ ಜಾಗ ಬಿಡು ಎಂದೂ ಹೇಳಿದೆ. ಸಿಂಧನೂರು, ಮಸ್ಕಿ, ರಾಯಚೂರು, ಎಲ್ಲ ಕಡೆ ದವಾಖಾನೆಗಳಿವೆ. ಒಂದು ಕೆಟ್ಟ ಜಾಗದ ಸಿಟ್ಟಿಗೆ ಕಸುಬನ್ನೇ ಬಿಡಬೇಡ ಎಂದೆ. ಆದರೆ ಬಿಡುವ ಮುಂಚೆ ಅಲ್ಲಿ ಒಬ್ಬ ಆಪಾ ಇದ್ದಾಳೋ ಇಲ್ಲವೋ ಹುಡುಕು. ಆಕೆ ಹೆಚ್ಚು ಮಾತಾಡದವಳಾಗಿರಬಹುದು, ಬೈದವಳೇ ಆಗಿರಬಹುದು. ಕೆಲಸ ಮಾಡುವಾಗ ಆಕೆಯ ಕೈ ನೋಡು, ಗೊತ್ತಾಗುತ್ತದೆ.

ಈ ಹೊತ್ತಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತಾ ಇದನ್ನು ಕೇಳುತ್ತಿರುವ ಹಿರಿಯ ಸಿಸ್ಟರ್‌ಗಳೇ, ಆಯಾಗಳೇ, ನಿಮ್ಮಲ್ಲಿ ಒಂದು ವಿನಂತಿ ಇದೆ. ನಿಮ್ಮ ವಾರ್ಡಿಗೆ ಹೊಸದಾಗಿ ಬಂದ ಹುಡುಗಿಯ ಹೆಸರು ಕೇಳಿ. ಮಾಳಿಗೆಯ ಮೇಲೆ ಯಾರಾದರೂ ಅಳುತ್ತಿದ್ದರೆ ರಟ್ಟೆ ಹಿಡಿದು ಕೆಳಗೆ ಕರೆತನ್ನಿ. ನನ್ನ ಮೂವತ್ತನಾಲ್ಕು ವರ್ಷ ಒಬ್ಬ ಹೆಂಗಸಿನ ಹತ್ತು ನಿಮಿಷದಿಂದ ಬಂದದ್ದು. ತಾಯಂದಿರಲ್ಲೂ ಕೇಳಿಕೊಳ್ಳುತ್ತೇನೆ. ಮಗಳು ಹೇಲು ಉಚ್ಚೆ ಬಳಿಯುತ್ತಾಳೆ ಎಂದು ನೆಂಟರ ಮುಂದೆ ಮಾತು ಮರೆಸಬೇಡಿ. ನಾವೂ ನೀವೂ ಒಂದು ದಿನ ಅದೇ ಹಾಸಿಗೆಯಲ್ಲಿ ಮಲಗುವವರು.

ಸೋಮವಾರ ಬೆಳಿಗ್ಗೆ ಆಕೆ ಬಸ್ಸು ಹತ್ತಿದಳು. ಖುಷಿಯಿಂದ ಹತ್ತಿದಳು ಎಂದು ಹೇಳಲಾರೆ. ಬ್ಯಾಗಿನಲ್ಲಿ ಅವರವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಎರಡು ವಾರ ಸುದ್ದಿ ಇರಲಿಲ್ಲ, ನಾನೂ ಫೋನ್ ಮಾಡಲಿಲ್ಲ. ಮೊನ್ನೆ ರಾತ್ರಿ ಆಕೆಯೇ ಮಾಡಿದಳು. ಪಗಾರದ ಮಾತು ಎತ್ತಿದ್ದಾಳಂತೆ, ಮುಂದಿನ ತಿಂಗಳು ನೋಡೋಣ ಅಂದಿದ್ದಾರಂತೆ. ಆ ಗದರಿದವನ ತಂದೆ ಇನ್ನೂ ಅಲ್ಲೇ ಇದ್ದಾರಂತೆ. ಬಲ ಹಿಮ್ಮಡಿ ಬೆಚ್ಚಗಿದ್ದದ್ದು ತನಗೇ ಮೊದಲು ಗೊತ್ತಾಯಿತು, ಸಿಸ್ಟರ್‌ಗೆ ತೋರಿಸಿದೆ ಎಂದಳು. ನಾನು ಇನ್ನೂ ಏನೋ ಕೇಳಬೇಕೆಂದಿದ್ದೆ.

"ಹತ್ತಾತು ದೊಡ್ಡವ್ವಾ, ಅಜ್ಜನ್ನ ಹೊಳ್ಳಸಬೇಕು. ಇಡತೀನಿ" ಅಂದಳು.