ಸಂಪ್ರದಾಯಸ್ಥರು ಎಂದರೆ ಯಾರು?

(ಪುಣೆ ಜಿಲ್ಲೆಯ ಶಿರೂರಿನಲ್ಲಿ ಸೇರಿದ್ದ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸಂಬಂಧ ಹುಡುಕುವಾಗ ನಮ್ಮವರು ಮೊದಲು ಕೇಳುವ ಪ್ರಶ್ನೆ, ‘ಮನೆತನ ಆರ್ಥೊಡಾಕ್ಸೇ?’ ಎಂಬುದು. ಅದರ ಅರ್ಥ ತಮಗೆಲ್ಲ ಗೊತ್ತು: ಕುಲ ಯಾವುದು, ರಾತ್ರಿ ಊಟ ಉಂಟೇ, ಯಾರಾದರೂ ಹೊರಗಿನವರನ್ನು ಮದುವೆಯಾಗಿದ್ದಾರೆಯೇ. ಗ್ರೀಕ್ ಮೂಲದ ಆ ಪದಕ್ಕಾದರೋ ‘ಸರಿಯಾದ ನಂಬಿಕೆ’ ಎಂದಷ್ಟೇ ಅರ್ಥ. ನಮ್ಮ ಪರಿಭಾಷೆಯಲ್ಲಿ ಅದಕ್ಕೆ ಅತಿ ಸಮೀಪದ ಮಾತು ಸಮ್ಯಗ್ದರ್ಶನ. ನಮ್ಮದೇ ‘ಸಂಪ್ರದಾಯ’ ಎಂಬ ಪದಕ್ಕೆ ಚೆನ್ನಾಗಿ ಒಪ್ಪಿಸಿಕೊಟ್ಟದ್ದು ಎಂದರ್ಥ. ಲೆಕ್ಕಪರಿಶೋಧನೆಯಲ್ಲಿಯೂ ಹಿಂದಿನ ವರ್ಷದ ಶಿಲ್ಕು ಈ ವರ್ಷಕ್ಕೆ ಒಪ್ಪಿಸಲ್ಪಡುತ್ತದೆ. ಆದರೆ ಅದು ಸರಿಯೆಂದು ಖಚಿತಪಡಿಸಿಕೊಳ್ಳದೆ ನಾವು ಸಹಿ ಹಾಕುವಂತಿಲ್ಲ. ನಮ್ಮ ಆಚಾರಗಳನ್ನೂ ಹಾಗೆಯೇ ಮೂಲದೊಡನೆ ತಾಳೆ ನೋಡೋಣ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಶ್ರಾವಕರಾದ ನಮಗಾಗಿಯೇ ರಚಿತವಾದ ಗ್ರಂಥ. ಸಮ್ಯಗ್ದರ್ಶನವನ್ನು ಕೆಡಿಸುವ ಎಂಟು ಮದಗಳನ್ನು ಅದು ಎಣಿಸುತ್ತದೆ. ಕುಲಮದ, ಜಾತಿಮದಗಳು ಅವುಗಳಲ್ಲಿ ಎರಡು. ಮೂರು ಮೂಢತೆಗಳಲ್ಲಿ ಒಂದಾದ ಲೋಕಮೂಢತೆಗೆ ಅದು ಕೊಡುವ ಉದಾಹರಣೆಗಳಲ್ಲಿ ನದಿ, ಸಮುದ್ರಗಳಲ್ಲಿ ಮೀಯುವುದನ್ನೇ ಧರ್ಮವೆಂದು ಭಾವಿಸುವುದೂ ಸೇರಿದೆ. ಸಮ್ಯಗ್ದರ್ಶನವುಳ್ಳವನು ಚಾಂಡಾಲ ಕುಲದಲ್ಲಿ ಹುಟ್ಟಿದ್ದರೂ ದೇವಸಮಾನನು, ಬೂದಿ ಮುಚ್ಚಿದ ಕೆಂಡದಂಥವನು ಎನ್ನುತ್ತದೆ. ಎಂದಮೇಲೆ ನಾವು ದಿನಬಳಕೆಯಲ್ಲಿ ‘ಆರ್ಥೊಡಾಕ್ಸ್’ ಎಂದು ಹೊಗಳುವ ಕುಲಾಭಿಮಾನವು ಶಾಸ್ತ್ರದ ದೃಷ್ಟಿಯಲ್ಲಿ ನಂಬಿಕೆಯ ದೋಷವೇ ಆಗಿದೆ.

ಈ ದೋಷ ಎಷ್ಟು ಆಳವಾದುದೆಂಬುದಕ್ಕೆ ಕೊಲ್ಹಾಪುರದ ನಿದರ್ಶನವಿದೆ. 1887ರಲ್ಲಿ ಕುಂಭೋಜದ ಜೈನ ಕುಟುಂಬದಲ್ಲಿ ಜನಿಸಿದ ಭಾವುರಾವ್ ಪಾಟೀಲರು ಅಲ್ಲಿಯ ಜೈನ ವಸತಿಗೃಹದಲ್ಲಿದ್ದು ಓದುತ್ತಿದ್ದರು. ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದ ಅವರಿಗೆ ಸ್ನಾನ ಮಾಡಿ ಒಳಗೆ ಬರುವಂತೆ ಹೇಳಲಾಯಿತು. ಅವರು ಒಪ್ಪಲಿಲ್ಲ, ವಸತಿಗೃಹವನ್ನು ಬಿಡಬೇಕಾಯಿತು. ಜೈನ ಮಕ್ಕಳ ವಿದ್ಯೆಗಾಗಿ ಸುಧಾರಕರೇ ಕಟ್ಟಿದ್ದ ಸಂಸ್ಥೆಯಲ್ಲಿ ಹೀಗಾಯಿತೆಂಬುದು ಗಮನಾರ್ಹ. ಮುಂದೆ 1919ರಲ್ಲಿ ಸಾತಾರಾ ಜಿಲ್ಲೆಯ ಕಾಲೆ ಗ್ರಾಮದಲ್ಲಿ ಅವರು ಸ್ಥಾಪಿಸಿದ ರಯತ್ ಶಿಕ್ಷಣ ಸಂಸ್ಥೆಯು ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಸೂರಿನಡಿ ಓದಿಸಿತು. ಆ ದಿನ ಸಮಂತಭದ್ರರ ಮಾತಿಗೆ ಹತ್ತಿರವಿದ್ದವರು ಯಾರು, ಸ್ನಾನಕ್ಕೆ ಹೇಳಿದವರೋ, ಒಲ್ಲೆನೆಂದ ವಿದ್ಯಾರ್ಥಿಯೋ?

ಇದರಿಂದ ಹಿರಿಯರೆಲ್ಲ ತಪ್ಪಿತಸ್ಥರೆಂದು ಭಾವಿಸಬಾರದು. ಷಟ್ಖಂಡಾಗಮವೂ ಅದಕ್ಕೆ ವೀರಸೇನಾಚಾರ್ಯರು ಬರೆದ ಧವಳಾ ಟೀಕೆಯೂ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯವರ ಶ್ರದ್ಧೆಯಿಂದ. ಆದರೆ ಅವು ದರ್ಶನಕ್ಕೆ ಮಾತ್ರ, ಗೃಹಸ್ಥರ ಓದಿಗಲ್ಲ ಎಂಬ ಹಟವೂ ಆ ಶ್ರದ್ಧೆಯ ಜೊತೆಗೇ ಬೆಳೆಯಿತು. ಕೊನೆಗೆ 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಒಟ್ಟು 16 ಸಂಪುಟಗಳು ಬಂದವು. ಸ್ತ್ರೀಯರ ಗುಣಸ್ಥಾನಗಳಿಗೆ ಸಂಬಂಧಿಸಿದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ನಕಲಿನಲ್ಲಿ ಬಿಟ್ಟುಹೋಗಿರಬೇಕೆಂದು ಸಂಪಾದಕರು ತರ್ಕಿಸಿದರು. ಮೂಡುಬಿದಿರೆಯ ಗರಿಯನ್ನು ನೋಡಿದಾಗ ಆ ಪದ ಅಲ್ಲಿತ್ತು. ಅದರ ಅರ್ಥದ ಬಗ್ಗೆ ಪಂಡಿತರು ದೀರ್ಘಕಾಲ ವಾದಿಸಿದರು. ವಾದ ಏನೇ ಇರಲಿ, ಗರಿಯನ್ನು ಕಾಪಾಡಿದ್ದೂ ಸಂಪ್ರದಾಯ, ಬಿಚ್ಚಿ ಓದಿದ್ದೂ ಸಂಪ್ರದಾಯ.

ಊರು ಬಿಟ್ಟು ಬಂದ ನಮಗೆ ಈ ವಿವೇಕ ಹೆಚ್ಚು ಅವಶ್ಯಕ. ಊರಿನ ಬಸದಿಯಲ್ಲಿ ಕಂಡ ಪಂಚಾಮೃತ ಅಭಿಷೇಕವನ್ನು ದಿಗಂಬರ ತೇರಾಪಂಥಿಗಳು ಒಪ್ಪುವುದಿಲ್ಲ. ನಮ್ಮ ನೆರೆಯ ಸ್ಥಾನಕವಾಸಿಗಳು ಮೂರ್ತಿಪೂಜೆಯನ್ನೇ ಮಾಡುವುದಿಲ್ಲ. ಆಚಾರವೇ ಅಳತೆಗೋಲಾದರೆ ಪ್ರತಿಯೊಬ್ಬನೂ ನೆರೆಯವನಿಗೆ ಭ್ರಷ್ಟನಾಗಿ ಕಾಣುತ್ತಾನೆ. 2011ರ ಜನಗಣತಿಯಂತೆ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ. 2014ರಲ್ಲಿ ಕೇಂದ್ರ ಸರ್ಕಾರ ನಮ್ಮನ್ನು ಅಲ್ಪಸಂಖ್ಯಾತರೆಂದು ಘೋಷಿಸಿದಾಗ ಸಂತೋಷಪಟ್ಟೆವು. ಸರ್ಕಾರದಿಂದ ರಕ್ಷಣೆಯನ್ನು ಕೇಳುವ ಸಮಾಜವು ತನ್ನ ಮಕ್ಕಳನ್ನು ತಾನೇ ಹೊರಗಿಡುವುದು ಯಾವ ನ್ಯಾಯ?

ರಾತ್ರಿ ಊಟ ಬಿಡುವುದು ಅಹಿಂಸೆಯಿಂದ ಹುಟ್ಟಿದ ಆಚಾರ, ತಾಳೆಯಾಗುತ್ತದೆ, ಉಳಿಯಲಿ. ಕುಲ ಕೇಳುವುದು ತಾಳೆಯಾಗುವುದಿಲ್ಲ, ಬಿಡೋಣ. ಹೊರಗೆ ಮದುವೆಯಾದರೆಂದು ನಮ್ಮ ಎಷ್ಟೋ ಹೆಣ್ಣುಮಕ್ಕಳ ಹೆಸರು ಪೂಜೆಯ ಆಮಂತ್ರಣ ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಮುಂದಿನ ದಶಲಕ್ಷಣ ಪರ್ವಕ್ಕೆ ಪಟ್ಟಿ ಸಿದ್ಧಪಡಿಸುವಾಗ ಆ ಹೆಸರುಗಳನ್ನು ಮರಳಿ ಬರೆಯಬೇಕೆಂದು, ಅವರ ಗಂಡ ಮಕ್ಕಳನ್ನೂ ಕರೆಯಬೇಕೆಂದು ಈ ಸಭೆಯಲ್ಲಿ ವಿನಂತಿಸುತ್ತೇನೆ. ದಶಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮಾ, ಎರಡನೆಯದು ಮದವನ್ನು ಬಿಡುವ ಉತ್ತಮ ಮಾರ್ದವ.

ಜೈ ಜಿನೇಂದ್ರ.